ಹತ್ತು ಸೆಂಟಿನ ಕಲ್ಲು

1893ರ ಜುಲೈನಲ್ಲಿ ನ್ಯೂಯಾರ್ಕಿನ ಜೇಮ್ಸ್ ವೈಟ್ ಡೇವಿಸ್ ತಮ್ಮ ಅಂತ್ಯಸಂಸ್ಕಾರ ಹೇಗೆ ನಡೆಯಬೇಕೆಂದು ಒಂದು ಕಾಗದ ಬರೆದರು. ಅದು ಹೋದದ್ದು ಬಂಧುಗಳಿಗಲ್ಲ, ನ್ಯೂಯಾರ್ಕ್ ಜೈಂಟ್ಸ್ ಬೇಸ್‌ಬಾಲ್ ತಂಡದ ಎಡ್ವರ್ಡ್ ಟಾಲ್ಕಟ್ ಅವರಿಗೆ. ಡೇವಿಸ್‌ಗೆ ಆಗ 67 ವರ್ಷ. ಬೇಸ್‌ಬಾಲ್ ಇನ್ನೂ ಅಂಬೆಗಾಲಿಡುತ್ತಿದ್ದಾಗ ಹುಟ್ಟಿದ ನಿಕರ್‌ಬಾಕರ್ ಕ್ಲಬ್ಬಿನಲ್ಲಿ ಅವರು ಮೂವತ್ತು ವರ್ಷ ಇದ್ದವರು. ಆಟದ ಉಡುಪಿನಲ್ಲೇ ನನ್ನನ್ನು ಹೂಳಿ, ಕ್ಲಬ್ಬಿನ ಮೊದಲ ಬಾವುಟ ಹೊದಿಸಿ, ವೃತ್ತಿಪರ ಆಟಗಾರರೆಲ್ಲ ತಲೆಗೆ ಹತ್ತು ಸೆಂಟಿನಂತೆ ಹಾಕಿ ಒಂದು ಕಲ್ಲು ನಿಲ್ಲಿಸಿ ಎಂಬುದು ಅವರ ಕೋರಿಕೆ. ಕಲ್ಲಿನ ಮೇಲೆ ಕೆತ್ತಬೇಕಾದ ಸಾಲುಗಳನ್ನೂ ತಾವೇ ಬರೆದು, ಸಾವಿನ ತಾರೀಕಿಗೆ ಮಾತ್ರ ಜಾಗ ಬಿಟ್ಟಿದ್ದರು. ಕಾಗದ ಪತ್ರಿಕೆಯಲ್ಲೂ ಅಚ್ಚಾಯಿತು, ಕಲ್ಲು ಮಾತ್ರ ಬರಲಿಲ್ಲ. 1899ರಲ್ಲಿ ತೀರಿಕೊಂಡ ಡೇವಿಸ್ ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿ ನೂರಕ್ಕೂ ಹೆಚ್ಚು ವರ್ಷ ಹೆಸರಿಲ್ಲದೆ ಮಲಗಿದ್ದರು.

ಅದೇ ಸ್ಮಶಾನದಲ್ಲಿ ಹೆನ್ರಿ ಚಾಡ್ವಿಕ್ ಅವರ ಸಮಾಧಿ ಇದೆ. ಅದನ್ನು ಹುಡುಕಲು ಯಾರನ್ನೂ ಕೇಳಬೇಕಿಲ್ಲ. ಕಂಬದ ತುದಿಯಲ್ಲಿ ಕಲ್ಲಿನ ದೊಡ್ಡ ಚೆಂಡು, ನಾಲ್ಕು ಮೂಲೆಗಳಲ್ಲಿ ಮೈದಾನದ ಬೇಸ್‌ಗಳಂತೆ ಕೆತ್ತಿದ ಕಲ್ಲುಗಳು. ಇಂಗ್ಲೆಂಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಅಮೆರಿಕಕ್ಕೆ ಬಂದು, ಕ್ರಿಕೆಟ್ ವರದಿ ಮಾಡುತ್ತ ಮಾಡುತ್ತ ಬೇಸ್‌ಬಾಲ್ ಕಡೆ ತಿರುಗಿದವರು ಚಾಡ್ವಿಕ್. ಯಾರು ಎಷ್ಟು ಹಿಟ್ ಹೊಡೆದರು, ಎಷ್ಟು ತಪ್ಪು ಮಾಡಿದರು ಎಂದು ಪ್ರತಿ ಆಟವನ್ನೂ ಒಂದು ಪಟ್ಟಿಗೆ ಇಳಿಸುವ ರೂಢಿಯನ್ನು ಬೆಳೆಸಿದ್ದು ಅವರೇ. ಸ್ಕೋರ್‌ಕಾರ್ಡ್ ಓದಿಕೊಂಡೇ ಬೆಳೆದ ನಮಗೆ ಈ ಹುಚ್ಚು ಹೊಸದೇನಲ್ಲ. ಬೇಸ್‌ಬಾಲ್ ಅದನ್ನು ಇನ್ನೂ ಮುಂದಕ್ಕೆ ಒಯ್ದಿತು: ಒಂದೇ ಒಂದು ಪಂದ್ಯ ಆಡಿ ಕಾಣೆಯಾದವನಿಗೂ ದಾಖಲೆಯ ಪುಸ್ತಕದಲ್ಲಿ ಒಂದು ಸಾಲು, ಆ ಸಾಲಿನಲ್ಲಿ ಹುಟ್ಟಿದ ದಿನ, ಸತ್ತ ದಿನ, ಸತ್ತ ಊರು.

ಈ ಕೊನೆಯ ಮೂರನ್ನು ತುಂಬುವುದೇ ಕೆಲವರ ಬದುಕಿನ ಕೆಲಸವಾಯಿತು. ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನಲ್ಲಿ ಇತಿಹಾಸಕಾರರಾಗಿದ್ದ ಲೀ ಆಲೆನ್ 1969ರಲ್ಲಿ ಸಾಯುವವರೆಗೂ ಹಳೆಯ ಆಟಗಾರರ ಬೆನ್ನು ಹತ್ತಿದ್ದರು. 1971ರ ಆಗಸ್ಟ್‌ನಲ್ಲಿ ಅದೇ ಊರಿನಲ್ಲಿ ಹದಿನಾರು ಮಂದಿ ಸೇರಿ ಕಟ್ಟಿದ ಬೇಸ್‌ಬಾಲ್ ಸಂಶೋಧನಾ ಸಂಘ, ಅಂದರೆ ‘ಸೇಬರ್’, ಇದಕ್ಕೆಂದೇ ಒಂದು ಸಮಿತಿ ಮಾಡಿತು. ಮರಣ ಪ್ರಮಾಣಪತ್ರ, ಜನಗಣತಿಯ ಹಾಳೆ, ಸೇನಾ ನೋಂದಣಿ ಚೀಟಿ, ಊರಿನ ಪತ್ರಿಕೆಯ ಮೂಲೆಯಲ್ಲಿ ಬಂದ ನಾಲ್ಕು ಸಾಲಿನ ನಿಧನವಾರ್ತೆ. ಇವನ್ನೆಲ್ಲ ಜೋಡಿಸುತ್ತ ಹೋದವರಲ್ಲಿ ಹೆಚ್ಚಿನವರಿಗೆ ಹೊಟ್ಟೆಪಾಡಿಗೆ ಬೇರೆ ಕೆಲಸವಿತ್ತು. ಆದರೆ ಆ ಪುಸ್ತಕಕ್ಕೆ ಒಂದು ಬೇಲಿ ಇತ್ತು. ದಶಕಗಳ ಕಾಲ ಅದರೊಳಗೆ ಬಿಳಿಯರ ಲೀಗುಗಳಲ್ಲಿ ಆಡಿದವರಿಗೆ ಮಾತ್ರ ಸಾಲು ಸಿಕ್ಕಿತು.

ಬೇಲಿ ಹಾಕಿದ್ದು ಹತ್ತೊಂಬತ್ತನೇ ಶತಮಾನದಲ್ಲೇ. 1887ರ ಜುಲೈ 14ರಂದು ಇಂಟರ್‌ನ್ಯಾಷನಲ್ ಲೀಗಿನ ಮಾಲೀಕರು ಇನ್ನು ಮುಂದೆ ಕಪ್ಪು ಆಟಗಾರರ ಜೊತೆ ಹೊಸ ಒಪ್ಪಂದ ಬೇಡವೆಂದು ನಿರ್ಧರಿಸಿದರು. ಆಗ ಆ ಲೀಗಿನ ಬಫಲೊ ತಂಡದಲ್ಲಿದ್ದವರು ಫ್ರಾಂಕ್ ಗ್ರಾಂಟ್. ಆ ಶತಮಾನದ ಕಪ್ಪು ಆಟಗಾರರಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ ಎನ್ನುತ್ತಾರೆ. ಮುಂದೆ 1920ರಲ್ಲಿ ರೂಬ್ ಫಾಸ್ಟರ್ ಕಾನ್ಸಾಸ್ ಸಿಟಿಯಲ್ಲಿ ಸಭೆ ಕರೆದು ನೀಗ್ರೊ ನ್ಯಾಷನಲ್ ಲೀಗ್ ಕಟ್ಟಿದರು. 1947ರಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಉಡುಪು ತೊಟ್ಟ ಮೇಲೆ ಈ ಲೀಗುಗಳು ಒಂದೊಂದಾಗಿ ಕರಗಿದವು. ಅಲ್ಲಿ ಆಡಿದವರು ಅಂಚೆ ಕಚೇರಿಗೆ, ಕಾರ್ಖಾನೆಗೆ, ಹೋಟೆಲಿಗೆ ಕೆಲಸಕ್ಕೆ ಹೋದರು. ಲೀಗಿನ ಪಿಂಚಣಿ ಎಂಬುದಿರಲಿಲ್ಲ. ಹುಟ್ಟಿದ್ದು ದಕ್ಷಿಣದ ಯಾವುದೋ ಹಳ್ಳಿಯಲ್ಲಿ, ಸತ್ತದ್ದು ಉತ್ತರದ ಯಾವುದೋ ನಗರದಲ್ಲಿ. ಹೂಳುವ ಖರ್ಚನ್ನು ಹೇಗೋ ಹೊಂದಿಸಿದ ಮನೆಯವರಿಗೆ ಕಲ್ಲಿನ ಖರ್ಚು ಮುಂದಿನ ವರ್ಷದ ಮಾತಾಗುತ್ತಿತ್ತು, ಆ ಮುಂದಿನ ವರ್ಷ ಬರುತ್ತಿರಲಿಲ್ಲ.

ಜಿಮ್ಮಿ ಕ್ರಚ್‌ಫೀಲ್ಡ್ ಹಾಗೆ ಹೋದವರಲ್ಲಿ ಒಬ್ಬರು. 1910ರಲ್ಲಿ ಮಿಸೌರಿ ರಾಜ್ಯದ ಆರ್ಡ್‌ಮೋರ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ ಹುಟ್ಟಿದ ಸಣಕಲು ಆಳು, ಸೆಂಟರ್ ಫೀಲ್ಡರ್. 1930ರ ದಶಕದ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡದಲ್ಲಿ ಆಡಿದವರು. ಆ ತಂಡದ ಐದು ಮಂದಿ, ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್, ಕೂಲ್ ಪಾಪಾ ಬೆಲ್, ಆಸ್ಕರ್ ಚಾರ್ಲ್ಸ್‌ಟನ್, ಜೂಡಿ ಜಾನ್ಸನ್, ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಕ್ರಚ್‌ಫೀಲ್ಡ್ ಸೇರಲಿಲ್ಲ. ಇಂಥ ದಿಗ್ಗಜರ ಪಕ್ಕದಲ್ಲಿ ನಿಂತವರ ಪಾಡೇ ಹಾಗೆ. ಆದರೂ ನೀಗ್ರೊ ಲೀಗುಗಳ ದೊಡ್ಡ ಹಬ್ಬವಾದ ಪೂರ್ವ-ಪಶ್ಚಿಮ ಪಂದ್ಯಕ್ಕೆ ಅವರು ನಾಲ್ಕು ವರ್ಷ ಆಯ್ಕೆಯಾದರು. 1935ರ ಪಂದ್ಯದಲ್ಲಿ ಬರಿಗೈಯಲ್ಲಿ ಹಿಡಿದ ಕ್ಯಾಚನ್ನು ಹಳಬರು ಕೊನೆಯವರೆಗೂ ನೆನೆಯುತ್ತಿದ್ದರು. 1941ರಲ್ಲಿ ಷಿಕಾಗೊದ ಕಾಮಿಸ್ಕಿ ಪಾರ್ಕ್‌ನಲ್ಲಿ ಇದೇ ಪಂದ್ಯ ನೋಡಲು ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆಮೇಲೆ ಕ್ರಚ್‌ಫೀಲ್ಡ್ ಅದೇ ನಗರದಲ್ಲಿ ಅಂಚೆ ಇಲಾಖೆಯಲ್ಲಿ ದುಡಿದು, 1993ರಲ್ಲಿ ತೀರಿಕೊಂಡು, ನಗರದ ಹೊರಗೆ ಆಲ್ಸಿಪ್‌ನ ಬರ್ ಓಕ್ ಸ್ಮಶಾನ ಸೇರಿದರು. ಬಿಳಿಯರ ಸ್ಮಶಾನಗಳು ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1927ರಲ್ಲಿ, ಕಪ್ಪು ಜನರಿಗಾಗಿ ಶುರುವಾದ ನೆಲ ಅದು.

ಜೆರೆಮಿ ಕ್ರಾಕ್ ಇಲಿನಾಯ್‌ನ ಪಿಯೋರಿಯಾ ಊರಿನಲ್ಲಿ ಅರಿವಳಿಕೆ ತಜ್ಞರು. ಅವರ ಮನೆಯ ಹಿರಿಯರು ಆರ್ಡ್‌ಮೋರ್ ಕಡೆಯವರು. ಕ್ರಚ್‌ಫೀಲ್ಡ್ ಎಂಬ ಆಟಗಾರನ ಕತೆ ಕೇಳಿಕೊಂಡೇ ಕ್ರಾಕ್ ಬೆಳೆದಿದ್ದರು. ಆ ಗೋರಿಯ ಮೇಲೆ ಹೆಸರೇ ಇಲ್ಲವೆಂದು ಗೊತ್ತಾದಾಗ ಅವರು ಸೇಬರ್ ಸಂಘದ ಸದಸ್ಯರ ಮುಂದೆ ಕೈಚಾಚಿದರು. ಹತ್ತು, ಇಪ್ಪತ್ತು ಡಾಲರುಗಳ ಚೆಕ್ಕುಗಳು ಬಂದವು. ಡೇವಿಸ್ ಕೇಳಿದ್ದೂ ಇಂಥದ್ದನ್ನೇ ಅಲ್ಲವೇ? ಆದರೆ ಈ ಸಲ ಕೊಟ್ಟವರಲ್ಲಿ ಹೆಚ್ಚಿನವರು ಎಂದೂ ಬ್ಯಾಟು ಹಿಡಿದು ಸಂಬಳ ಎಣಿಸದ ಓದುಗರು, ಅಂಕಿ ಅಂಶದ ಹುಚ್ಚರು.

ಸ್ಮಶಾನದ ಚೀಟಿಗಳನ್ನು ತಿರುವಿದಾಗ ಅದೇ ನೆಲದಲ್ಲಿ ಇನ್ನಿಬ್ಬರು ಸಿಕ್ಕರು. ಹೋಮ್‌ಸ್ಟೆಡ್ ಗ್ರೇಸ್ ತಂಡವನ್ನು 1943 ಮತ್ತು 1944ರಲ್ಲಿ ಚಾಂಪಿಯನ್ ಮಾಡಿದ ಮ್ಯಾನೇಜರ್ ಕ್ಯಾಂಡಿ ಜಿಮ್ ಟೇಲರ್ ಒಬ್ಬರು. ಇನ್ನೊಬ್ಬರು ಎಡಗೈ ಪಿಚರ್ ಜಾನ್ ಡೊನಾಲ್ಡ್‌ಸನ್. 2004ರಲ್ಲಿ ಮೂವರಿಗೂ ಕಲ್ಲು ಬಂತು. ನೀಗ್ರೊ ಲೀಗ್ ಆಟಗಾರರ ಸಮಾಧಿ ಯೋಜನೆ ಶುರುವಾದದ್ದು ಹೀಗೆ. ಮುಂದೆ ಬೇರೆ ಬೇರೆ ರಾಜ್ಯಗಳಲ್ಲಿ ಹತ್ತಾರು ಕಲ್ಲುಗಳು ಎದ್ದವು.

ಡೊನಾಲ್ಡ್‌ಸನ್ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು. 1891ರಲ್ಲಿ ಮಿಸೌರಿಯ ಗ್ಲ್ಯಾಸ್ಗೊದಲ್ಲಿ ಹುಟ್ಟಿದ ಅವರು ತಮ್ಮ ಅತ್ಯುತ್ತಮ ವರ್ಷಗಳನ್ನು ‘ಆಲ್ ನೇಷನ್ಸ್’ ಎಂಬ ತಿರುಗಾಟದ ತಂಡದಲ್ಲಿ ಕಳೆದರು. ಊರೂರು ಸುತ್ತಿ, ಆ ಊರಿನ ತಂಡದ ಎದುರು ಆಡಿ, ಬಂದ ಗಲ್ಲಾ ಹಂಚಿಕೊಂಡು ಮುಂದಿನ ಊರಿಗೆ ಹೋಗುವ ಕಸುಬು. ಯಾವ ಲೀಗಿನ ಲೆಕ್ಕಕ್ಕೂ ಸೇರದ ಆಟ ಅದು. ಮಿನೆಸೊಟದ ಪೀಟರ್ ಗಾರ್ಟನ್ ಮತ್ತು ಅವರ ಜೊತೆಗಾರರು ಸಣ್ಣ ಊರುಗಳ ಹಳೆಯ ಪತ್ರಿಕೆಗಳನ್ನು ಒಂದೊಂದಾಗಿ ಜಾಲಾಡಿ 400ಕ್ಕೂ ಹೆಚ್ಚು ಗೆಲುವು, 5,000ಕ್ಕೂ ಹೆಚ್ಚು ಸ್ಟ್ರೈಕ್‌ಔಟ್ ಪತ್ತೆ ಮಾಡಿದ್ದಾರೆ. 1925ರಲ್ಲಿ ಫರ್ಗಸ್ ಫಾಲ್ಸ್‌ನಲ್ಲಿ ಅವರು ಚೆಂಡೆಸೆಯುತ್ತಿರುವ ಚಲನಚಿತ್ರದ ತುಣುಕೂ ಸಿಕ್ಕಿದೆ. 1949ರಲ್ಲಿ ಷಿಕಾಗೊ ವೈಟ್ ಸಾಕ್ಸ್ ಅವರನ್ನು ಪ್ರತಿಭಾನ್ವೇಷಕರನ್ನಾಗಿ ನೇಮಿಸಿಕೊಂಡಿತು. ತಾವು ಆಡಲಾಗದ ಲೀಗಿಗೆ ಹುಡುಗರನ್ನು ಹುಡುಕಿಕೊಡುವ ಕೆಲಸ.

ಗೋರಿ ಹುಡುಕುವುದೆಂದರೆ ಬರೀ ಕಲ್ಲು ನೆಡುವುದಲ್ಲ, ಎಷ್ಟೋ ಸಲ ಮನುಷ್ಯನನ್ನೇ ತಿದ್ದಿ ಬರೆಯಬೇಕಾಗುತ್ತದೆ. ಪೀಟ್ ಹಿಲ್ ಅವರದು ಇಂಥ ಕತೆ. 2006ರಲ್ಲಿ ಹಾಲ್ ಆಫ್ ಫೇಮ್ ಒಂದೇ ಸಲಕ್ಕೆ ಕಪ್ಪು ಬೇಸ್‌ಬಾಲಿನ ಹದಿನೇಳು ಮಂದಿಯನ್ನು ಸೇರಿಸಿಕೊಂಡಾಗ ಹಿಲ್ ಕೂಡ ಒಬ್ಬರು. ಕಂಚಿನ ಫಲಕದಲ್ಲಿ ಜೋಸೆಫ್ ಪ್ರೆಸ್ಟನ್ ಹಿಲ್ ಎಂದು ಕೆತ್ತಿದರು. ಸಂಶೋಧಕರು ದಾಖಲೆಗಳನ್ನು ಕೆದಕಿದಾಗ ಅವರು ಜೋಸೆಫ್ ಅಲ್ಲ, ಜಾನ್, ಹುಟ್ಟಿದ್ದು ವರ್ಜೀನಿಯಾದ ಕಲ್ಪೆಪರ್ ಕೌಂಟಿಯಲ್ಲಿ ಎಂದು ಗೊತ್ತಾಯಿತು. 2010ರಲ್ಲಿ ಫಲಕವನ್ನೇ ಬದಲಿಸಬೇಕಾಯಿತು. 1951ರಲ್ಲಿ ಬಫಲೊದಲ್ಲಿ ಸತ್ತವರ ಗೋರಿ ಅಲ್ಲಿರಲಿಲ್ಲ, ದೇಹವನ್ನು ಷಿಕಾಗೊ ಬಳಿಯ ಹೋಲಿ ಸೆಪಲ್ಕರ್ ಸ್ಮಶಾನಕ್ಕೆ ತಂದಿದ್ದರು.

ನನ್ನನ್ನು ಹೆಚ್ಚು ಕಾಡುವ ಹೆಸರು ಸೋಲ್ ವೈಟ್. ಆಟಗಾರ, ಮ್ಯಾನೇಜರ್, ಎಲ್ಲಕ್ಕಿಂತ ಮಿಗಿಲಾಗಿ ಬರಹಗಾರ. ಕಪ್ಪು ಬೇಸ್‌ಬಾಲಿನ ಮೊದಲ ಇತಿಹಾಸ 1907ರಲ್ಲಿ ಅವರ ಕೈಯಿಂದಲೇ ಬಂತು. ಆ ಚಿಕ್ಕ ಪುಸ್ತಕ ಇರದಿದ್ದರೆ ಹತ್ತೊಂಬತ್ತನೇ ಶತಮಾನದ ಎಷ್ಟೋ ಹೆಸರುಗಳು ನಮಗೆ ಉಳಿಯುತ್ತಿರಲಿಲ್ಲ. 1937ರಲ್ಲಿ ಫ್ರಾಂಕ್ ಗ್ರಾಂಟ್ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ವೈಟ್ ಇದ್ದರು. ಗ್ರಾಂಟ್ ಅವರ ನ್ಯೂಜೆರ್ಸಿಯ ಗೋರಿಗೆ ಕಲ್ಲು ಬಂದದ್ದು 2011ರಲ್ಲಿ. 1955ರಲ್ಲಿ ಸತ್ತ ವೈಟ್ ಅವರ ಸ್ಟೇಟನ್ ಐಲೆಂಡ್ ಗೋರಿಗೆ 2014ರಲ್ಲಿ. ಅಷ್ಟು ಹೊತ್ತಿಗೆ ಇಬ್ಬರೂ ಹಾಲ್ ಆಫ್ ಫೇಮ್ ಸೇರಿ ವರ್ಷಗಳಾಗಿದ್ದವು. ಗೋಡೆಯ ಮೇಲೆ ಕಂಚು ಇತ್ತು, ನೆಲದ ಮೇಲೆ ಏನೂ ಇರಲಿಲ್ಲ.

ಹಿಂದೆಯೂ ಇಂಥ ಪ್ರಯತ್ನ ನಡೆದಿರಲಿಲ್ಲವೆಂದಲ್ಲ. 35ನೇ ವಯಸ್ಸಿನಲ್ಲಿ, 1947ರ ಜನವರಿಯಲ್ಲಿ ಸತ್ತ ಜಾಶ್ ಗಿಬ್ಸನ್ ಪಿಟ್ಸ್‌ಬರ್ಗಿನ ಅಲೆಗೆನಿ ಸ್ಮಶಾನದಲ್ಲಿ 1975ರವರೆಗೆ ಕಲ್ಲಿಲ್ಲದೆ ಇದ್ದರು. ಹಳೆಯ ಜೊತೆಗಾರ ಟೆಡ್ ಪೇಜ್ ಓಡಾಡಿದರು, ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್ ಕೈಜೋಡಿಸಿದರು, ಕಲ್ಲು ಬಂತು. ಗಿಬ್ಸನ್‌ಗೆ ಹೆಸರಿತ್ತು, ಜೊತೆಗಾರ ಬದುಕಿದ್ದರು. ಅಂಥವರಿಲ್ಲದ ಗೋರಿಗಳಿಗೆ ಕ್ರಾಕ್ ಬರಬೇಕಾಯಿತು.

ಕಲ್ಲು ನಿಂತ ಮೇಲೂ ಕೆಲಸ ಮುಗಿಯುವುದಿಲ್ಲ. 2009ರ ಜುಲೈನಲ್ಲಿ ಅದೇ ಬರ್ ಓಕ್ ದೇಶದ ಎಲ್ಲ ಸುದ್ದಿವಾಹಿನಿಗಳಲ್ಲೂ ಕಾಣಿಸಿಕೊಂಡಿತು. ಹಳೆಯ ಗೋರಿಗಳನ್ನು ಅಗೆದು, ಮೂಳೆಗಳನ್ನು ಒಂದು ಮೂಲೆಗೆ ಸುರಿದು, ಜಾಗವನ್ನು ಮತ್ತೆ ಮಾರಿದ ಆರೋಪದ ಮೇಲೆ ಪೊಲೀಸರು ನಾಲ್ವರು ನೌಕರರನ್ನು ಬಂಧಿಸಿದರು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಕೊಲೆಯಾದ 14 ವರ್ಷದ ಎಮೆಟ್ ಟಿಲ್‌ನನ್ನು ಹೂಳಿದ್ದೂ ಇಲ್ಲೇ. ತನಿಖೆಗಾಗಿ ಹೊರತೆಗೆದು ಬೇರೆ ಪೆಟ್ಟಿಗೆಯಲ್ಲಿ ಮತ್ತೆ ಹೂಳಿದ ಮೇಲೆ ಉಳಿದಿದ್ದ ಮೊದಲ ಶವಪೆಟ್ಟಿಗೆ ಅಲ್ಲಿನ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಅದು ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಹೆಸರಿಲ್ಲದ ಗೋರಿ ಎಷ್ಟು ನಿರಾಶ್ರಿತ ಎಂಬುದು ಆ ಬೇಸಿಗೆಯಲ್ಲಿ ಬಹಳ ಜನಕ್ಕೆ ಅರ್ಥವಾಯಿತು.

ಡೇವಿಸ್ ಅವರ ಕಾಗದಕ್ಕೆ ಉತ್ತರ ಬಂದದ್ದು 2016ರಲ್ಲಿ. ಸೇಬರ್ ಸಂಘದ ಹತ್ತೊಂಬತ್ತನೇ ಶತಮಾನದ ಸಮಿತಿ ಕ್ರಾಕ್ ತಂಡದ ದಾರಿಯನ್ನೇ ಹಿಡಿದು ತನ್ನದೊಂದು ಸಮಾಧಿ ಯೋಜನೆ ಶುರುಮಾಡಿ, ಮೊದಲ ಕಲ್ಲನ್ನು ಅವರಿಗೇ ನಿಲ್ಲಿಸಿತು.

ಪುಸ್ತಕದ ಬೇಲಿಯೂ ಮುರಿಯಿತು. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ 1920ರಿಂದ 1948ರವರೆಗಿನ ಏಳು ನೀಗ್ರೊ ಲೀಗುಗಳಿಗೆ ತನ್ನ ಸಮಾನ ಸ್ಥಾನ ಕೊಟ್ಟಿತು. 2024ರ ಮೇ ತಿಂಗಳಲ್ಲಿ ಅಂಕಿಗಳೂ ಸೇರಿದವು. ಗಿಬ್ಸನ್ ಅವರ .372 ಸರಾಸರಿ ಟೈ ಕಾಬ್ ಅವರನ್ನು ಹಿಂದಿಕ್ಕಿ ಸಾರ್ವಕಾಲಿಕ ಪಟ್ಟಿಯ ನೆತ್ತಿಗೇರಿತು. ಸತ್ತ ದಿನ, ಸತ್ತ ಊರು ಎಂಬ ಕಾಲಂಗಳು ಇವರೆಲ್ಲರ ಎದುರೂ ತೆರೆದುಕೊಂಡವು. ಅವುಗಳಲ್ಲಿ ಎಷ್ಟೋ ಇನ್ನೂ ಖಾಲಿ. ಹಳೆಯ ಸ್ಕೋರ್ ಪಟ್ಟಿಗಳಲ್ಲಿ ಕೆಲವರು ಬರೀ ಮನೆತನದ ಹೆಸರಿನಲ್ಲಿ ಬರುತ್ತಾರೆ: ಒಬ್ಬ ಜಾನ್ಸನ್, ಒಬ್ಬ ಸ್ಮಿತ್, ಒಬ್ಬ ವಿಲಿಯಮ್ಸ್. ಮೊದಲ ಹೆಸರು ಸಿಗದೆ ಮರಣ ಪ್ರಮಾಣಪತ್ರ ಸಿಗುವುದಿಲ್ಲ, ಅದು ಸಿಗದೆ ಸ್ಮಶಾನದ ಹೆಸರು ಗೊತ್ತಾಗುವುದಿಲ್ಲ. ಸ್ಮಶಾನ ಗೊತ್ತಾದರೂ ಕಲ್ಲು ನೆಡಲು ಬಂಧುಗಳ ಒಪ್ಪಿಗೆ ಹುಡುಕಬೇಕು. ಹಣ ಕೂಡಿಸುವುದು ಇದರಲ್ಲಿ ಸುಲಭದ ಪಾಲು.