ಕೆಲಸ ಬಿಟ್ಟ ಮೇಲೂ ಕಂಪನಿ ನಿಮ್ಮನ್ನು ಕಟ್ಟಿಹಾಕಬಹುದಾ?

ಆಫರ್ ಲೆಟರ್ ಬಂದಾಗ ನಾವು ಸರಿಯಾಗಿ ಓದೋದು ಸಂಬಳದ ಪುಟ ಮಾತ್ರ. ಉಳಿದದ್ದಕ್ಕೆ ಕಣ್ಣಾಡಿಸಿ ಸಹಿ ಹಾಕ್ತೀವಿ. ಆ ಪುಟಗಳ ನಡುವೆ ಎಲ್ಲೋ ಒಂದು ಸಾಲಿರುತ್ತೆ: ಕೆಲಸ ಬಿಟ್ಟ ನಂತರ ಇಷ್ಟು ತಿಂಗಳು ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ. ಇದೇ ನಾನ್-ಕಾಂಪೀಟ್ ಷರತ್ತು. ರಾಜೀನಾಮೆ ಕೊಟ್ಟ ಮೇಲೆ ಎಚ್‌ಆರ್ ಅದನ್ನು ನೆನಪಿಸುತ್ತೆ. ಕೆಲಸ ಬದಲಿಸುವ ಗೆಳೆಯರು ಆಗ ನನ್ನನ್ನು ಕೇಳೋದು ಒಂದೇ ಪ್ರಶ್ನೆ: "ಸೈನ್ ಮಾಡಿಬಿಟ್ಟಿದ್ದೀನಲ್ಲ, ಈಗೇನು ಗತಿ?"

ನನ್ನ ಉತ್ತರ ಇದು: ಆ ಸಾಲಿನ ಹಲ್ಲನ್ನು ಕಾನೂನು ಒಂದೂವರೆ ಶತಮಾನದ ಹಿಂದೆಯೇ ಕಿತ್ತಿದೆ. ಅದಿನ್ನೂ ಬದುಕಿರೋದು ನಮ್ಮ ಭಯದ ಮೇಲೆ.

ಪಾತ್ರೆ ಅಂಗಡಿಯಿಂದ ಶುರುವಾದ ಕಥೆ

1872ರ ಭಾರತೀಯ ಒಪ್ಪಂದ ಕಾಯ್ದೆಯ ಸೆಕ್ಷನ್ 27 ಹೇಳೋದು ಸರಳ. ಯಾರನ್ನೇ ಆಗಲಿ ಕಾನೂನುಬದ್ಧ ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಒಪ್ಪಂದ ಆ ಮಟ್ಟಿಗೆ ಅಸಿಂಧು. ತನ್ನ ವ್ಯಾಪಾರವನ್ನು ಹೆಸರು, ಗಿರಾಕಿ ಸಮೇತ ಮಾರಿದವನಿಗೆ ಮಾತ್ರ ವಿನಾಯಿತಿ.

ಎರಡೇ ವರ್ಷದಲ್ಲಿ ಇದರ ಪರೀಕ್ಷೆ ನಡೆಯಿತು. ಕಲ್ಕತ್ತಾದ ಒಂದೇ ಪ್ರದೇಶದಲ್ಲಿ ಇಬ್ಬರು ಹಿತ್ತಾಳೆ ಪಾತ್ರೆ ವ್ಯಾಪಾರಿಗಳು. "ನೀನಿಲ್ಲಿ ಅಂಗಡಿ ಮುಚ್ಚು, ದುಡ್ಡು ಕೊಡ್ತೀನಿ" ಅಂದ ಒಬ್ಬ. ಇನ್ನೊಬ್ಬ ಮುಚ್ಚಿದ, ದುಡ್ಡು ಬರಲಿಲ್ಲ. 1874ರಲ್ಲಿ ಹೈಕೋರ್ಟ್ ಹೇಳಿತು: ಒಪ್ಪಂದವೇ ಅಸಿಂಧು. ತಡೆ ಒಂದು ಪ್ರದೇಶಕ್ಕೆ ಮಾತ್ರ ಇದ್ದರೂ ಅಷ್ಟೇ.

ಸ್ವಾರಸ್ಯ ಅಂದ್ರೆ, ಕ್ಯಾಲಿಫೋರ್ನಿಯಾ ಕೂಡ ಇಂಥದ್ದೇ ನಿಯಮ ತಂದದ್ದು 1872ರಲ್ಲಿ. ಸಿಲಿಕಾನ್ ವ್ಯಾಲಿ ಬೆಳೆದದ್ದಕ್ಕೆ ಎಂಜಿನಿಯರ್‌ಗಳು ಕಂಪನಿಯಿಂದ ಕಂಪನಿಗೆ ಸಲೀಸಾಗಿ ಹೋಗಲು ಸಾಧ್ಯವಾದದ್ದೂ ಒಂದು ಕಾರಣ ಅಂತ ವಾದಿಸುವ ವಿದ್ವಾಂಸರಿದ್ದಾರೆ.

ಒಳಗಿದ್ದಾಗ ಒಂದು, ಹೊರಬಂದ ಮೇಲೆ ಒಂದು

ಹಾಗಂತ ಎಲ್ಲ ಷರತ್ತೂ ಅಸಿಂಧು ಅಲ್ಲ. ಕೋರ್ಟ್‌ಗಳು ಒಂದು ಗೆರೆ ಎಳೆದಿವೆ. 1967ರ ಸೆಂಚುರಿ ಸ್ಪಿನ್ನಿಂಗ್ ಪ್ರಕರಣದಲ್ಲಿ ನೌಕರನ ಕರಾರು ಐದು ವರ್ಷದ್ದು. ತರಬೇತಿ ಪಡೆದು, ಅವಧಿ ಮುಗಿಯುವ ಮೊದಲೇ ಪ್ರತಿಸ್ಪರ್ಧಿ ಕಂಪನಿಗೆ ಹೋದ. ಕರಾರು ಜಾರಿಯಲ್ಲಿರುವಾಗ ತಡೆಯಬಹುದು ಎಂದಿತು ಸುಪ್ರೀಂ ಕೋರ್ಟ್. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ವಿರುದ್ಧ ಅವರ ಹಳೆಯ ಏಜೆನ್ಸಿ ಹೂಡಿದ ದಾವೆಯಲ್ಲಿ ಇದೇ ಗೆರೆಯ ಇನ್ನೊಂದು ಬದಿ ಕಂಡಿತು: ಕರಾರು ಮುಗಿದ ಮೇಲೂ ಕಟ್ಟಿಹಾಕುವ ಷರತ್ತು ನಿಲ್ಲದು.

ಬಾಂಡ್ ವಿಷಯ ಬೇರೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ವಿಜಯಾ ಬ್ಯಾಂಕ್, ಮೂರು ವರ್ಷ ಪೂರೈಸದೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂದಿತ್ತು. ಕರ್ನಾಟಕ ಹೈಕೋರ್ಟ್‌ನಲ್ಲಿ ನೌಕರ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಷರತ್ತನ್ನು ಎತ್ತಿಹಿಡಿಯಿತು. ಆ ಷರತ್ತು ಬೇರೆ ಕಡೆ ಕೆಲಸ ಮಾಡಬೇಡ ಅನ್ನುತ್ತಿರಲಿಲ್ಲ, ನೇಮಕಾತಿಯ ಖರ್ಚು ತುಂಬಿಕೊಡು ಅನ್ನುತ್ತಿತ್ತು. ಅದಕ್ಕೇ ಹೇಳೋದು, ನಿಮ್ಮ ಕೈಲಿರೋದು ಬಾಂಡೋ ನಾನ್-ಕಾಂಪೀಟೋ ಅಂತ ಮೊದಲು ನೋಡಿ.

ಗುಟ್ಟು ಯಾವುದು, ಕಸುಬು ಯಾವುದು?

ಕಂಪನಿಗಳ ವಾದದಲ್ಲೂ ಹುರುಳಿದೆ. ಸೋರ್ಸ್ ಕೋಡ್, ಗಿರಾಕಿಗಳ ಪಟ್ಟಿ, ತಯಾರಿಕೆಯ ಸೂತ್ರ ಇವೆಲ್ಲ ವ್ಯಾಪಾರ ರಹಸ್ಯಗಳು. ಹೊರಡುವ ಹಿಂದಿನ ರಾತ್ರಿ ಫೈಲುಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಂಡರೆ ಸೆಕ್ಷನ್ 27 ಕಾಪಾಡಲ್ಲ. ಅಮೆರಿಕದಲ್ಲಿ ಎಪಿಕ್ ಸಿಸ್ಟಮ್ಸ್ ಕಂಪನಿಯ ದಾಖಲೆಗಳನ್ನು ಅನುಮತಿಯಿಲ್ಲದೆ ಇಳಿಸಿಕೊಂಡ ಪ್ರಕರಣದಲ್ಲಿ ಟಿಸಿಎಸ್‌ಗೆ 2016ರಲ್ಲಿ ಜ್ಯೂರಿ 94 ಕೋಟಿ ಡಾಲರ್ ಹಾಕಿತ್ತು; ಮೇಲ್ಮನವಿಗಳ ನಂತರ 28 ಕೋಟಿ ಡಾಲರ್‌ಗೆ ಬಂದು ನಿಂತಿತು.

ಆದರೆ ಹತ್ತು ವರ್ಷ ದುಡಿದು ಕಲಿತ ಕಸುಬು ಗುಟ್ಟಲ್ಲ. ಅದು ನಿಮ್ಮದು. ಭಾರತದಲ್ಲಿ ವ್ಯಾಪಾರ ರಹಸ್ಯಕ್ಕೆ ಪ್ರತ್ಯೇಕ ಕಾಯ್ದೆ ಇಲ್ಲದ್ದರಿಂದ ಈ ವ್ಯತ್ಯಾಸವನ್ನು ಕೋರ್ಟ್‌ಗಳೇ ಪ್ರಕರಣದಿಂದ ಪ್ರಕರಣಕ್ಕೆ ಬಿಡಿಸಬೇಕು. 2024ರಲ್ಲಿ ಕಾನೂನು ಆಯೋಗ ತನ್ನ 289ನೇ ವರದಿಯಲ್ಲಿ ಕರಡು ಮಸೂದೆಯನ್ನೇ ಕೊಟ್ಟಿದೆ.

ಭಯ ಕೆಲಸ ಮಾಡೋದು ಹೇಗೆ?

2022ರಲ್ಲಿ ಇನ್ಫೋಸಿಸ್‌ನ ನಾನ್-ಕಾಂಪೀಟ್ ಷರತ್ತಿನ ವಿರುದ್ಧ ಐಟಿ ನೌಕರರ ಸಂಘಟನೆ ನೈಟ್ಸ್ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ಇದೆಲ್ಲ ಮಾಮೂಲಿ ಪದ್ಧತಿ ಎಂದಿತು ಕಂಪನಿ. ಮರುವರ್ಷ ವಿಪ್ರೊ ತನ್ನ ಮಾಜಿ ಹಣಕಾಸು ಮುಖ್ಯಸ್ಥ ಜತಿನ್ ದಲಾಲ್ ಕಾಗ್ನಿಜೆಂಟ್ ಸೇರಿದ್ದಕ್ಕೆ ಬೆಂಗಳೂರಿನ ಕೋರ್ಟಿಗೆ ಹೋಗಿ ಸುಮಾರು 25 ಕೋಟಿ ರೂಪಾಯಿ ಕೇಳಿತು. 2024ರಲ್ಲಿ ರಾಜಿಯಾಯಿತು, ಸುಮಾರು 5 ಲಕ್ಷ ಡಾಲರ್ ಕೊಟ್ಟದ್ದು ಕಾಗ್ನಿಜೆಂಟ್.

ದೊಡ್ಡ ಹುದ್ದೆಯವರಿಗೆ ಹೊಸ ಕಂಪನಿ ಬೆನ್ನಿಗೆ ನಿಲ್ಲುತ್ತೆ. ಎರಡು ವರ್ಷ ಅನುಭವದ ಟೆಸ್ಟರ್‌ಗೆ ಯಾರು ನಿಲ್ತಾರೆ? ಅವಳ ಮೇಲೆ ದಾವೆ ಹೂಡುವ ಅಗತ್ಯವೂ ಇಲ್ಲ. ರಿಲೀವಿಂಗ್ ಲೆಟರ್ ತಡೆಹಿಡಿದರೆ ಸಾಕು, ಒಂದು ಲೀಗಲ್ ನೋಟಿಸ್ ಮನೆ ವಿಳಾಸಕ್ಕೆ ಬಂದರೆ ಸಾಕು. ಅಪ್ಪ-ಅಮ್ಮ ಹೆದರ್ತಾರೆ, ಅವಳು ಹಳೆಯ ಸಂಬಳಕ್ಕೇ ಉಳಿದುಬಿಡ್ತಾಳೆ. ಬಿಟ್ಟು ಹೋಗಬಲ್ಲೆ ಅನ್ನೋದೇ ಸಂಬಳದ ಚೌಕಾಸಿಯಲ್ಲಿ ನಮಗಿರುವ ಬಲ. ಈ ಷರತ್ತು ಕಸಿಯೋದು ಅದನ್ನೇ.

ಕ್ಯಾಲಿಫೋರ್ನಿಯಾಕ್ಕೆ ಇದು ಅರ್ಥವಾಗಿದೆ. ಅಲ್ಲಿ 2024ರಿಂದ ಇಂಥ ಷರತ್ತನ್ನು ಕರಾರಿನಲ್ಲಿ ಬರೆಯೋದೇ ಕಾನೂನುಬಾಹಿರ. ಹಳೆಯ ಷರತ್ತುಗಳು ಅಸಿಂಧು ಅಂತ ಕಂಪನಿಗಳೇ ನೌಕರರಿಗೆ ಲಿಖಿತವಾಗಿ ತಿಳಿಸಬೇಕಾಯಿತು. ನಮ್ಮಲ್ಲಿ ಅಸಿಂಧು ಷರತ್ತು ಬರೆದವರಿಗೆ ಕಳೆದುಕೊಳ್ಳುವುದು ಏನೂ ಇಲ್ಲ. ರಹಸ್ಯ ಕಾಪಾಡುವ ಕಾಯ್ದೆ ಬರಲಿ, ನನ್ನ ತಕರಾರಿಲ್ಲ. ಆದರೆ ನೌಕರರ ಕಸುಬು ರಹಸ್ಯವಲ್ಲ ಅನ್ನುವ ಮಾತು, ಅಸಿಂಧು ಷರತ್ತು ತೋರಿಸಿ ಹೆದರಿಸಿದರೆ ದಂಡ ಅನ್ನುವ ಮಾತು ಅದೇ ಕಾಯ್ದೆಯಲ್ಲಿರಬೇಕು. ಮಸೂದೆ ಸಂಸತ್ತಿಗೆ ಬರುವ ಮೊದಲೇ ನಾವು ಇದನ್ನು ಕೇಳಬೇಕು.