ಹಡಗಿನ ಪಕ್ಕೆಲುಬುಗಳು: ಕಿರುಮಾದರಿಯ ನಿರ್ಮಾಣಕ್ರಮ

ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗೆ ಹಾಯಿಹಡಗಿನ ಕಿರುಮಾದರಿಯೊಂದನ್ನು ಕಂಡವರು ಮೊದಲು ಮೆಚ್ಚುವುದು ಅದರ ನೀಳವಾದ ಕೂವೆಮರಗಳನ್ನು, ಜೇಡರಬಲೆಯಂತೆ ಹೆಣೆದ ಹಗ್ಗಗಳನ್ನು, ಗಾಳಿಯುಂಡು ಉಬ್ಬಿದಂತಿರುವ ಹಾಯಿಗಳನ್ನು. ಹಡಗಿಗೆ ರೂಪವನ್ನೂ ಬಲವನ್ನೂ ಕೊಟ್ಟ ಭಾಗವಾದರೋ ಹೊರಹಲಗೆಗಳ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದೆ ನಿಂತಿರುತ್ತದೆ. ಮನುಷ್ಯನ ದೇಹದಲ್ಲಿ ಬೆನ್ನೆಲುಬಿಗೂ ಪಕ್ಕೆಲುಬುಗಳಿಗೂ ಯಾವ ಸ್ಥಾನವಿದೆಯೋ, ಮರದ ಹಡಗಿನಲ್ಲಿ ಅಡಿದೊಲೆಗೂ ಅದರ ಮೇಲೆ ಸಾಲಾಗಿ ನಿಲ್ಲುವ ಬಾಗುಮರಗಳಿಗೂ ಅದೇ ಸ್ಥಾನ. ಅಂಗಡಿಯಲ್ಲಿ ದೊರೆಯುವ ಸಿದ್ಧ ತುಂಡುಗಳನ್ನು ನೆಚ್ಚದೆ, ನಕ್ಷೆಯೊಂದನ್ನೇ ಆಧಾರವಾಗಿಟ್ಟುಕೊಂಡು ಬರಿಯ ಹಲಗೆಯಿಂದ ಈ ಪಕ್ಕೆಲುಬುಗಳನ್ನು ರೂಪಿಸುವುದು ಕೈಗೆಲಸದ ಜೊತೆಗೆ ಗಣಿತವನ್ನೂ ತಾಳ್ಮೆಯನ್ನೂ ಬೇಡುವ ವಿದ್ಯೆ.

ಎರಡು ಪದ್ಧತಿಗಳು

ಮರದ ನೌಕೆಗಳನ್ನು ಕಟ್ಟುವಲ್ಲಿ ಎರಡು ಪ್ರಧಾನ ಪದ್ಧತಿಗಳಿವೆ. ಒಂದರಲ್ಲಿ ಹೊರಹಲಗೆಗಳನ್ನೇ ಮೊದಲು ಒಂದಕ್ಕೊಂದು ಬೆಸೆದು, ಚಿಪ್ಪಿನಂತೆ ಒಡಲನ್ನು ಎಬ್ಬಿಸಿ, ಬಳಿಕ ಒಳಗಡೆ ಪಕ್ಕೆಲುಬುಗಳನ್ನು ಕೂರಿಸುತ್ತಾರೆ. ಅರಬ್ಬೀ ಸಮುದ್ರದ ತೀರಗಳಲ್ಲಿ ಹಿಂದೆ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುತ್ತಿದ್ದ ನೌಕೆಗಳು ಈ ಬಗೆಯವು. 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ನೌಕೆಯು ಆ ಹೊಲಿಗೆಯ ವಿದ್ಯೆಯನ್ನು ಮತ್ತೆ ಬೆಳಕಿಗೆ ತಂದಿತು. ಈ ಪದ್ಧತಿಯಲ್ಲಿ ಹಡಗಿನ ಆಕಾರವು ಬಹುಮಟ್ಟಿಗೆ ಹಿರಿಯ ಬಡಗಿಯ ಕಣ್ಣಿನಲ್ಲಿಯೂ ಕೈಯಲ್ಲಿಯೂ ನೆಲಸಿರುತ್ತದೆ.

ಎರಡನೆಯ ಪದ್ಧತಿಯಲ್ಲಿ ಪಕ್ಕೆಲುಬುಗಳು ಮೊದಲು, ಹಲಗೆಗಳು ಅನಂತರ. ಯೂರೋಪಿನ ದೊಡ್ಡ ಯುದ್ಧನೌಕೆಗಳು ಹೀಗೆ ನಿರ್ಮಾಣವಾದವು. ಇಲ್ಲಿ ಆಕಾರವು ಕಾಗದದ ಮೇಲೆಯೇ ನಿರ್ಧಾರವಾಗುತ್ತದೆ. ಅದನ್ನು ಕಾಗದದಿಂದ ಮರಕ್ಕೆ ಇಳಿಸುವ ಹೊಣೆ ಪಕ್ಕೆಲುಬುಗಳದು. ಇದರ ಮಹತ್ವವನ್ನು ತಿಳಿಯಲು 'ಟ್ರಿಂಕೋಮಲಿ' ಎಂಬ ಹಡಗಿನ ಕಥೆಯೊಂದೇ ಸಾಕು. 1782ರಲ್ಲಿ ಇಂಗ್ಲೀಷರು 'ಎಬೆ' ಎಂಬ ಫ್ರೆಂಚ್ ಯುದ್ಧನೌಕೆಯನ್ನು ಸೆರೆಹಿಡಿದರು. ಅದರ ಒಡಲಿನ ರೇಖೆಗಳನ್ನು ಆಧರಿಸಿ ತಯಾರಿಸಿದ ನಕ್ಷೆಯಂತೆ 1800ರಲ್ಲಿ 'ಲೀಡಾ' ಎಂಬ ಹಡಗನ್ನು ನೀರಿಗಿಳಿಸಿದರು. ಅದೇ ವರ್ಗದ ಇನ್ನೊಂದು ಹಡಗನ್ನು ಮುಂಬಯಿಯಲ್ಲಿ ಕಟ್ಟಿಸಲು ನಕ್ಷೆಗಳನ್ನು ಕಳುಹಿಸಲಾಯಿತು. ಅವುಗಳನ್ನು ಹೊತ್ತಿದ್ದ 'ಜಾವಾ' ನೌಕೆಯು 1812ರ ಡಿಸೆಂಬರಿನಲ್ಲಿ ಅಮೆರಿಕದ ನೌಕೆಯೊಂದಿಗೆ ಕಾದಾಡಿ ನಾಶವಾದುದರಿಂದ ಮತ್ತೊಂದು ಪ್ರತಿಯನ್ನು ಕಳುಹಿಸಬೇಕಾಯಿತು. ಕಡೆಗೆ ಜಮ್ಷೇಟ್‌ಜಿ ಬೊಮನ್‌ಜಿ ವಾಡಿಯಾ ಎಂಬ ಪಾರ್ಸಿ ನೌಕಾಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಮಲಬಾರಿನ ತೇಗದಿಂದ ನಿರ್ಮಿತವಾದ ಟ್ರಿಂಕೋಮಲಿಯು 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಇಂದಿಗೂ ಅದನ್ನು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಕಾಣಬಹುದು. ಫ್ರೆಂಚ್ ಶಿಲ್ಪಿಯ ಕಲ್ಪನೆ, ಇಂಗ್ಲೆಂಡಿನ ನಕ್ಷೆ, ಭಾರತದ ಮರ, ಮುಂಬಯಿಯ ಬಡಗಿಗಳ ಕೈ ಇವು ಒಂದಾದುದು ನಕ್ಷೆಗೆ ನಿಷ್ಠವಾಗಿ ನಿಂತ ಪಕ್ಕೆಲುಬುಗಳ ಮೂಲಕವೇ.

ನಕ್ಷೆಯನ್ನು ಓದುವುದು

ಕಿರುಮಾದರಿಯ ಶಿಲ್ಪಿಯು ಮಾಡಬೇಕಾದುದೂ ಇದೇ ಕೆಲಸ, ಅಳತೆ ಮಾತ್ರ ಕಿರಿದು. ಇಂಗ್ಲೀಷ್ ನೌಕಾಮಾದರಿಗಳಲ್ಲಿ ಬಹುಕಾಲದಿಂದ ಪ್ರಚಲಿತವಾದ ಪ್ರಮಾಣವು 48ರಲ್ಲಿ 1 ಭಾಗ, ಅಂದರೆ ಒಂದು ಅಡಿಗೆ ಕಾಲು ಅಂಗುಲ. ಟ್ರಿಂಕೋಮಲಿಯ ತೋಪುಗಳ ಅಟ್ಟದ ಉದ್ದ ಸುಮಾರು 150 ಅಡಿ, ಅಗಲ ಸುಮಾರು 40 ಅಡಿ. ಈ ಪ್ರಮಾಣದಲ್ಲಿ ಅವು ಕ್ರಮವಾಗಿ ಮೂವತ್ತೇಳೂವರೆ ಮತ್ತು ಹತ್ತು ಅಂಗುಲಗಳಾಗುತ್ತವೆ. ಮಾದರಿಯಲ್ಲಿ ಅರ್ಧ ಮಿಲಿಮೀಟರಿನ ತಪ್ಪು ನಿಜವಾದ ಹಡಗಿನಲ್ಲಿ 24 ಮಿಲಿಮೀಟರಿಗೆ, ಅಂದರೆ ಹೆಚ್ಚುಕಡಿಮೆ ಒಂದು ಅಂಗುಲಕ್ಕೆ ಸಮ ಎಂಬುದನ್ನು ಮರೆಯುವಂತಿಲ್ಲ.

ಹಡಗಿನ ನಕ್ಷೆಯಲ್ಲಿ ಮೂರು ನೋಟಗಳಿರುತ್ತವೆ: ಪಕ್ಕದಿಂದ ಕಂಡ ಪಾರ್ಶ್ವನೋಟ, ಮೇಲಿನಿಂದ ಕಂಡ ಅರ್ಧಾಗಲದ ನೋಟ, ಎದುರಿನಿಂದ ಕಂಡ ಅಡ್ಡಕೊಯ್ತದ ನೋಟ. ಹಡಗಿನ ಎಡಬಲಗಳು ಸಮವಾದುದರಿಂದ ಅಡ್ಡಕೊಯ್ತದಲ್ಲಿ ಒಂದು ಮಗ್ಗುಲಿಗೆ ಮುಂಭಾಗದ ವಕ್ರರೇಖೆಗಳನ್ನೂ ಇನ್ನೊಂದು ಮಗ್ಗುಲಿಗೆ ಹಿಂಭಾಗದವುಗಳನ್ನೂ ಬರೆದಿರುತ್ತಾರೆ. ಆದರೆ ಮೂಲನಕ್ಷೆಯು ಎಲ್ಲ ಪಕ್ಕೆಲುಬುಗಳ ರೂಪವನ್ನೂ ಕೊಡುವುದಿಲ್ಲ. ಕೊಟ್ಟ ಎರಡು ರೇಖೆಗಳ ನಡುವಿನ ಪಕ್ಕೆಲುಬು ಬೇಕಾದಾಗ, ಅದರ ಸ್ಥಾನವನ್ನು ಅರ್ಧಾಗಲದ ನೋಟದಲ್ಲಿ ಗುರುತಿಸಿ, ಬೇರೆ ಬೇರೆ ಎತ್ತರಗಳಲ್ಲಿ ನಡುಗೆರೆಯಿಂದ ಇರುವ ದೂರವನ್ನು ಕೈವಾರದಿಂದ ಅಳೆದು, ಆ ಬಿಂದುಗಳನ್ನು ಹೊಸ ಹಾಳೆಗೆ ಸಾಗಿಸಿ, ಬಳುಕುವ ಪಟ್ಟಿಯೊಂದರ ಸಹಾಯದಿಂದ ಸೇರಿಸಬೇಕು. ಯಾವ ಬಿಂದುವಾದರೂ ರೇಖೆಯಿಂದ ಸಿಡಿದು ನಿಂತರೆ ಅಳತೆಯಲ್ಲಿ ದೋಷವಿದೆಯೆಂದೇ ಅರ್ಥ. ಅದನ್ನು ತಿದ್ದಲು ಕಾಗದಕ್ಕಿಂತ ಅಗ್ಗವಾದ ಸ್ಥಳವಿಲ್ಲ. ಅರ್ಧರೂಪವು ಸಿದ್ಧವಾದ ಮೇಲೆ ಹಾಳೆಯನ್ನು ನಡುಗೆರೆಯಲ್ಲಿ ಮಡಿಸಿ ಇನ್ನೊಂದರ್ಧವನ್ನು ಪಡೆಯುತ್ತಾರೆ.

ಮರ ಮತ್ತು ಜೋಡಣೆ

ದೊಡ್ಡ ಹಡಗಿಗೆ ತೇಗವು ಶ್ರೇಷ್ಠವಾದರೂ ಕಿರುಮಾದರಿಗೆ ಅದರ ದಪ್ಪ ನಾರು ಒಗ್ಗದು. ಅದರ ರಂಧ್ರಗಳು ಇಷ್ಟು ಸಣ್ಣ ವಸ್ತುವಿನಲ್ಲಿ ಕಾಲುವೆಗಳಂತೆ ಕಾಣುತ್ತವೆ. ಯೂರೋಪಿನ ಶಿಲ್ಪಿಗಳು ಬಾಕ್ಸ್‌ವುಡ್ ಮತ್ತು ಪೇರ್ ಮರಗಳನ್ನು ಬಳಸಿದುದು ಅವುಗಳ ಸಣ್ಣ ನಾರಿಗಾಗಿ. ಚನ್ನಪಟ್ಟಣದ ಆಟಿಕೆಗಳಿಗೆ ಒದಗುವ ಹಾಲೆಮರವನ್ನು ಕಂಡವರಿಗೆ ಸಣ್ಣ ನಾರೆಂದರೇನೆಂಬುದು ಸುಲಭವಾಗಿ ತಿಳಿದೀತು. ಮರವು ಚೆನ್ನಾಗಿ ಒಣಗಿರಬೇಕು, ಹಲಗೆಯ ದಪ್ಪ ಎಲ್ಲೆಡೆ ಒಂದೇ ಆಗಿರಬೇಕು.

ಕುದುರೆಲಾಳದಂಥ ಪಕ್ಕೆಲುಬನ್ನು ಅಗಲವಾದ ಒಂದೇ ಹಲಗೆಯಿಂದ ಕೊಯ್ದು ತೆಗೆಯಬಾರದೇಕೆ? ಎತ್ತಿನ ಗಾಡಿಯ ಗಾಲಿಯನ್ನು ಗಮನಿಸಿದರೆ ಉತ್ತರ ದೊರೆಯುತ್ತದೆ. ಗಾಲಿಯ ಸುತ್ತುಮರವನ್ನು ಬಡಗಿಯು ಹಲವು ಬಾಗುತುಂಡುಗಳಿಂದ ಕೂಡಿಸುತ್ತಾನೆ. ಮರದ ಬಲವು ನಾರಿನ ಉದ್ದಕ್ಕೆ ಇರುತ್ತದೆ. ವಕ್ರವಾದ ವಸ್ತುವನ್ನು ಒಂದೇ ಹಲಗೆಯಿಂದ ಕೊಯ್ದರೆ ಎಲ್ಲಿಯಾದರೂ ನಾರು ಅಡ್ಡಲಾಗಿ ಕಡಿದುಹೋಗಿ ಅಲ್ಲಿಯೇ ಮುರಿಯುತ್ತದೆ. ಹಡಗಿನ ಪಕ್ಕೆಲುಬಿಗೂ ಇದೇ ನ್ಯಾಯ. ಅಡಿದೊಲೆಯ ಮೇಲೆ ಅಡ್ಡಲಾಗಿ ಕೂರುವ ತಳದ ತುಂಡು, ಅದರಿಂದ ಇಕ್ಕೆಲಗಳಲ್ಲಿ ಮೇಲೇರುವ ನಡುತುಂಡುಗಳು, ತುದಿಯ ತುಂಡುಗಳು, ಹೀಗೆ ಒಂದೊಂದನ್ನೂ ನಾರು ಬಾಗಿನ ಜೊತೆ ಸಾಗುವಂತೆ ಆಯ್ದು ಕೂಡಿಸುತ್ತಾರೆ. ಇಂಥ ಎರಡು ಪದರಗಳನ್ನು ಬೆನ್ನಿಗೆ ಬೆನ್ನು ಸೇರಿಸಿದಾಗ ಒಂದು ಜೋಡಿ ಪಕ್ಕೆಲುಬಾಗುತ್ತದೆ. ಇಟ್ಟಿಗೆಯ ಗೋಡೆಯಲ್ಲಿ ಒಂದು ವರಸೆಯ ಸಂದಿನ ಮೇಲೆ ಇನ್ನೊಂದು ವರಸೆಯ ಸಂದು ಬಾರದಂತೆ ಕಟ್ಟುವ ಹಾಗೆ, ಒಂದು ಪದರದ ಸಂದಿಗೆ ಇನ್ನೊಂದು ಪದರದ ತುಂಬುಮರವು ಎದುರಾಗಬೇಕು. ನಕ್ಷೆಯ ಮೇಲೆಯೇ ತುಂಡುಗಳನ್ನಿಟ್ಟು ಅಂಟಿನಿಂದ ಕೂಡಿಸಿ, ಬಿದಿರಿನ ಸಣ್ಣ ಮೊಳೆಗಳನ್ನು ಹೊಡೆದು ಭದ್ರಪಡಿಸುತ್ತಾರೆ.

ಕೊಯ್ತ ಮತ್ತು ಓರೆ

ಹಡಗಿನ ನಡುಭಾಗದ ಪಕ್ಕೆಲುಬಿನ ಎರಡು ಮುಖಗಳೂ ಬಹುಮಟ್ಟಿಗೆ ಸಮಾನವಾಗಿರುತ್ತವೆ. ಆದರೆ ಮುಂದಕ್ಕಾಗಲಿ ಹಿಂದಕ್ಕಾಗಲಿ ಸಾಗಿದಂತೆ ಒಡಲು ಕಿರಿದಾಗುವುದರಿಂದ, ಪಕ್ಕೆಲುಬಿನ ನಡುಹಡಗಿನ ಕಡೆಯ ಮುಖ ದೊಡ್ಡದು, ತುದಿಯ ಕಡೆಯ ಮುಖ ಚಿಕ್ಕದು. ಆದ್ದರಿಂದ ಪ್ರತಿಯೊಂದಕ್ಕೂ ಎರಡು ರೂಪರೇಖೆಗಳು ಬೇಕು. ಹೊರಬದಿಯನ್ನು ದೊಡ್ಡ ಗೆರೆಗೂ ಒಳಬದಿಯನ್ನು ಚಿಕ್ಕ ಗೆರೆಗೂ ಗರಗಸದಿಂದ ಕೊಯ್ದು, ಗೆರೆಯ ಆಚೆ ಕೂದಲೆಳೆಯಷ್ಟು ಮರವನ್ನು ಉಳಿಸಿ, ಆಮೇಲೆ ಅರದಿಂದ ಉಜ್ಜಿ ಓರೆಯನ್ನು ತರುತ್ತಾರೆ. ಮೂತಿಯ ಹತ್ತಿರ ಒಡಲು ಬಹಳ ಬೇಗ ಕಿರಿದಾಗುವುದರಿಂದ ಅಲ್ಲಿ ಓರೆಯು ಮಿತಿಮೀರಿ ಮರವೇ ಉಳಿಯದಂತಾಗುವುದು. ಅದನ್ನು ತಪ್ಪಿಸಲು ಹಳೆಯ ಶಿಲ್ಪಿಗಳು ಮೂತಿಯ ಪಕ್ಕೆಲುಬುಗಳನ್ನು ಅಡಿದೊಲೆಗೆ ಲಂಬವಾಗಿ ನಿಲ್ಲಿಸದೆ ಬೀಸಣಿಗೆಯ ಕಡ್ಡಿಗಳಂತೆ ಕೋನವಾಗಿ ತಿರುಗಿಸಿದರು.

ನಿಲ್ಲಿಸುವುದು ಮತ್ತು ಪರೀಕ್ಷಿಸುವುದು

ಅಡಿದೊಲೆಯನ್ನು ನೇರವಾದ ಮಣೆಯ ಮೇಲೆ ಬಿಗಿದು, ನಡುಪಕ್ಕೆಲುಬನ್ನು ಮೊದಲು ಮೂಲೆಮಟ್ಟ ಹಿಡಿದು ನಿಲ್ಲಿಸಬೇಕು. ಅದು ಓರೆಯಾದರೆ ಅದನ್ನು ನೋಡಿ ನಿಲ್ಲುವ ಉಳಿದವೂ ಓರೆಯಾಗುತ್ತವೆ. ಅಮೆರಿಕದ ಹೆರಾಲ್ಡ್ ಹಾನ್ ಎಂಬ ಮಾದರಿಶಿಲ್ಪಿಯು ಇದಕ್ಕೊಂದು ಜಾಣತನದ ಉಪಾಯವನ್ನು ಪ್ರಚಾರಕ್ಕೆ ತಂದನು. ಪಕ್ಕೆಲುಬುಗಳ ಮೇಲ್ತುದಿಗಳನ್ನು ಉದ್ದವಾಗಿ ಬಿಟ್ಟು, ಕಚ್ಚುಗಳುಳ್ಳ ಮಣೆಯಲ್ಲಿ ಅವುಗಳನ್ನು ಬೋರಲಾಗಿ ಕೂರಿಸಿ, ಒಡಲನ್ನು ತಲೆಕೆಳಗಾಗಿಯೇ ಕಟ್ಟುವುದು ಅವನ ಕ್ರಮ. ಒಡಲು ಗಟ್ಟಿಯಾದ ಮೇಲೆ ಹೆಚ್ಚಿನ ತುದಿಗಳನ್ನು ಕತ್ತರಿಸಿ ಮಣೆಯಿಂದ ಬಿಡಿಸುತ್ತಾರೆ.

ಎಲ್ಲವೂ ನಿಂತ ಮೇಲೆ ಬರುವುದು ನಿಜವಾದ ಪರೀಕ್ಷೆ. ಬಳುಕುವ ತೆಳು ಪಟ್ಟಿಯೊಂದನ್ನು ಮೂತಿಯಿಂದ ಹಿಂಗಂಬದವರೆಗೆ ಪಕ್ಕೆಲುಬುಗಳ ಮೇಲೆ ಒರಗಿಸಿ ನೋಡಬೇಕು. ಅದು ಎಲ್ಲವನ್ನೂ ಸಮವಾಗಿ ಮುಟ್ಟುತ್ತ ಸಾಗಿದರೆ ಕೆಲಸ ಗೆದ್ದಂತೆ. ಎಲ್ಲಿಯಾದರೂ ಉಬ್ಬಿದ್ದರೆ ಮರಳುಕಾಗದದಿಂದ ತಗ್ಗಿಸಬಹುದು. ತಗ್ಗಿದ್ದರೆ ಕಳೆದ ಮರವನ್ನು ಮರಳಿ ತರುವ ಉಪಾಯವಿಲ್ಲ. ತೆಳುಚಕ್ಕೆಯನ್ನು ಅಂಟಿಸಿ ಮರೆಮಾಡಬಹುದಾದರೂ, ಆತ್ಮಗೌರವವುಳ್ಳ ಶಿಲ್ಪಿಯು ಆ ಪಕ್ಕೆಲುಬನ್ನು ತೆಗೆದು ಹೊಸದನ್ನು ಮಾಡಿ ನಿಲ್ಲಿಸುತ್ತಾನೆ.

ಮರೆಯಲ್ಲಿನ ನಿಷ್ಠೆ

ಹದಿನೇಳನೆಯ ಶತಮಾನದ ನಡುಗಾಲದಿಂದ ಇಂಗ್ಲೆಂಡಿನಲ್ಲಿ ಸಿದ್ಧವಾದ ಅನೇಕ ನೌಕಾಮಾದರಿಗಳಲ್ಲಿ ಒಡಲಿನ ಕೆಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬುಗಳನ್ನು ಬಯಲಾಗಿಯೇ ಬಿಟ್ಟಿದ್ದಾರೆ. ಗ್ರೀನಿಚ್‌ನ ರಾಷ್ಟ್ರೀಯ ನೌಕಾ ಸಂಗ್ರಹಾಲಯದಲ್ಲಿ ಅವುಗಳನ್ನು ಕಾಣುವವರಿಗೆ ಹಡಗಿನ ಸೌಂದರ್ಯದ ಮೂಲವೆಲ್ಲಿದೆಯೆಂಬುದು ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತದೆ. 1759ರಲ್ಲಿ ಅಡಿದೊಲೆಯಿಟ್ಟು 1765ರಲ್ಲಿ ನೀರಿಗಿಳಿಸಿದ 'ವಿಕ್ಟರಿ' ನೌಕೆಯ ಉದಾಹರಣೆಯೂ ಸ್ಮರಣೀಯ. ಪಕ್ಕೆಲುಬುಗಳನ್ನು ಕೆಲವು ತಿಂಗಳು ಮಾತ್ರ ಒಣಗಲು ಬಿಡುವುದು ಅಂದಿನ ವಾಡಿಕೆ. ಯುದ್ಧದ ತುರ್ತು ತಗ್ಗಿದುದರಿಂದ ಈ ಹಡಗಿನ ಪಕ್ಕೆಲುಬುಗಳು ಸುಮಾರು ಮೂರು ವರ್ಷ ಹಾಗೆಯೇ ನಿಂತು ಒಣಗಿದವು. ಆ ಹಡಗು ದೀರ್ಘಕಾಲ ಬಾಳಿದುದಕ್ಕೆ ಇದೂ ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ. ವಿಳಂಬವೆಂದು ಕಂಡದ್ದೇ ಬಲವಾಗಿ ಪರಿಣಮಿಸಿತು.

ಮಾದರಿಯು ಪೂರ್ಣವಾದ ದಿನ ಅದರ ಪಕ್ಕೆಲುಬುಗಳು ಹಲಗೆಗಳ ಹಿಂದೆ ಮರೆಯಾಗುತ್ತವೆ. ನೋಡುವವರು ಅವುಗಳನ್ನು ಕೇಳುವುದಿಲ್ಲ, ಶಿಲ್ಪಿಯೂ ತೋರಿಸಲಾರನು. ಆದರೂ ಹೊರಹಲಗೆಯ ಪ್ರತಿಯೊಂದು ಸಾಲಿನಲ್ಲಿಯೂ ಅವು ತಮ್ಮ ಸಾಕ್ಷಿಯನ್ನು ನುಡಿಯುತ್ತಲೇ ಇರುತ್ತವೆ: ಒಳಗೆ ನೇರವಿದ್ದಲ್ಲಿ ಹೊರಗೆ ರೇಖೆಯು ಹರಿಯುತ್ತದೆ, ಒಳಗೆ ತಪ್ಪಿದ್ದಲ್ಲಿ ಹೊರಗೆ ಅಲುಗುತ್ತದೆ. ಕೈಯಲ್ಲಿ ಗರಗಸ ಹಿಡಿದು ಮೊದಲ ಪಕ್ಕೆಲುಬನ್ನು ಕೊಯ್ಯಲು ಕುಳಿತ ವಿದ್ಯಾರ್ಥಿಯು ಇಷ್ಟನ್ನು ಮನಗಂಡರೆ, ಮುಂದಿನದನ್ನು ಮರವೇ ಅವನಿಗೆ ಕಲಿಸುವುದು.