ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ: ನೀರಿಗಿಳಿಯೋ ಮುನ್ನ ತಿಳ್ಕೊಳ್ಳಿ
ಶ್ರೀರಂಗಪಟ್ಟಣ: ಪರೀಕ್ಷೆ ಮುಗಿದರೆ ಸಾಕು, ಬಲಮುರಿ, ಎಡಮುರಿ, ಸಂಗಮದ ಕಡೆ ಹುಡುಗರ ದಂಡು ಹೊರಡುತ್ತೆ. ಏಪ್ರಿಲ್, ಮೇ ಬಿಸಿಲಿಗೆ ದಡದ ನೀರು ಬೆಚ್ಚಗಿರುತ್ತೆ. ಹಾಗಂತ ಆಳದ ನೀರೂ ಹಾಗೇ ಇರಲ್ಲ.

ಕಾದ ನೀರು ಹಗುರ, ಮೇಲೆ ನಿಲ್ಲುತ್ತೆ. ತಣ್ಣೀರು ಭಾರ, ಕೆಳಗೆ ಉಳಿಯುತ್ತೆ. ಕೆರೆ, ಹಿನ್ನೀರಿನಂಥ ನಿಂತ ನೀರಲ್ಲಿ ಈ ವ್ಯತ್ಯಾಸ ಜಾಸ್ತಿ. ಬಿಸಿಲಲ್ಲಿ ಕಾದ ಮೈ ದಿಢೀರನೆ ತಣ್ಣೀರಿಗೆ ಬಿದ್ದರೆ ಉಸಿರು ಹಿಡಿತಕ್ಕೆ ಸಿಗಲ್ಲ. ಆಗ ಬಾಯಿಗೆ ನೀರು ಹೋದರೆ ಈಜು ಬಲ್ಲವರೂ ಗಾಬರಿ ಬೀಳ್ತಾರೆ.

ಹರಿಯೋ ಹೊಳೆಯದ್ದು ಬೇರೆ ಲೆಕ್ಕ. ಅಲ್ಲಿ ನೀರು ಬೆರೆತು ಹೋಗುತ್ತೆ, ಆದರೆ ಸೆಳೆತ ಇರುತ್ತೆ. ಬಲಮುರಿ ಇರೋದು ಕೆಆರ್‌ಎಸ್‌ ಕೆಳಗೆ. ಅಣೆಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ಏರುತ್ತೆ. ಮಳೆಗಾಲದಲ್ಲಿ ಇಲ್ಲಿ ಹನಿ ಬೀಳದಿದ್ದರೂ ಕೊಡಗಿನ ಮಳೆಗೆ ಕಾವೇರಿ ತುಂಬಿ ಬರಬಹುದು.

ನಿಷೇಧದ ಬೋರ್ಡ್ ಇದ್ದ ಕಡೆ ಇಳಿಯಲೇಬೇಡಿ. ಉಳಿದ ಕಡೆ ಧುಮುಕದೆ, ಮೈ ಒದ್ದೆ ಮಾಡ್ಕೊಂಡು ನಿಧಾನಕ್ಕೆ ಇಳೀರಿ. ಯಾರಾದರೂ ಮುಳುಗ್ತಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಪಂಚೆ ಎಸೆಯಿರಿ, 112ಕ್ಕೆ ಫೋನ್ ಮಾಡಿ. ಹೊಳೆ ದಡದ ಅಂಗಡಿಯವರು ಉದ್ದನೆ ಹಗ್ಗ, ಗಾಳಿ ತುಂಬಿದ ಟ್ಯೂಬು ಕೈಗೆ ಸಿಗೋ ಹಾಗೆ ಇಟ್ಟರೆ ಒಂದು ಜೀವ ಉಳಿದೀತು.